ಬಾಳೆಗೂ ಕ್ಲೋನ್, ನಾಯಿಗೂ ಕ್ಲೋನ್, ಫೋನಿಗೂ ಕ್ಲೋನ್: ಏನಿದು?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು. ಅವ್ವ ನನ್ನ ಜೊತೆಗಿದ್ದಾರೆ, ವಯಸ್ಸು 71. ಸಕ್ಕರೆ ಕಾಯಿಲೆ ಇದೆ, ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕರಿಯ ಅಂತ ನಾಯಿ ಇದೆ. 13 ವರ್ಷದ ಹಿಂದೆ ಮಳೆಯಲ್ಲಿ ಗೇಟಿನ ಹತ್ತಿರ ಸಿಕ್ಕಿದ ಬೀದಿ ಮರಿ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ನಾಮ ಹಾಕಿದ ಹಾಗೆ ಬಿಳಿ ಗೆರೆ. ಅವ್ವ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವಾಗ ಪಕ್ಕಕ್ಕೆ ಬಂದು ಕೂರುತ್ತಾನೆ, ಮುಗಿಯುವ ತನಕ ಏಳುವುದಿಲ್ಲ. ಈಗ ಅವನಿಗೆ ಕಿಡ್ನಿ ತೊಂದರೆ. ಜಾಸ್ತಿ ದಿನ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅಮೆರಿಕದಲ್ಲಿರುವ ತಮ್ಮ ‘ಕ್ಲೋನ್ ಮಾಡಿಸೋಣ, ದುಡ್ಡು ನಾನು ಹಾಕ್ತೀನಿ’ ಅನ್ನುತ್ತಿದ್ದಾನೆ.

ಇದರ ಮಧ್ಯೆ ಇನ್ನೆರಡು ಆಯಿತು. ಚನ್ನಪಟ್ಟಣದ ಹತ್ತಿರ ನಮ್ಮ ಸೋದರಮಾವ ಟಿಶ್ಯು ಕಲ್ಚರ್ ಬಾಳೆ ಹಾಕಿದ್ದಾರೆ. ‘ಇದು ಕ್ಲೋನ್ ಬಾಳೆ, ತಿಂದರೆ ಕ್ಯಾನ್ಸರ್’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದನ್ನು ನೋಡಿ, ಅವ್ವ ಸ್ವಂತ ತಮ್ಮನ ತೋಟದ ಹಣ್ಣನ್ನೇ ಮುಟ್ಟುತ್ತಿಲ್ಲ. ಆಮೇಲೆ ಹೋದ ತಿಂಗಳು ಅವ್ವನಿಗೆ ಒಂದು ಫೋನ್ ಬಂತು. ಥೇಟ್ ನನ್ನ ತಮ್ಮನದೇ ದನಿ. ‘ಅಮ್ಮಾ, ಆಕ್ಸಿಡೆಂಟ್ ಆಗಿದೆ, 80 ಸಾವಿರ ಕಳಿಸು’ ಅಂತ. ಅವ್ವ ಫೋನ್ ಇಟ್ಟುಬಿಟ್ಟರು. ಯಾಕೆ ಅಂದರೆ ‘ಅವನು ನನ್ನನ್ನ ಹುಟ್ಟಿದಾಗಿಂದ ಅವ್ವ ಅಂತಾನೆ. ಅಮ್ಮ ಅಂತ ಯಾವತ್ತು ಕರೆದಿದ್ದ?’ ಅಂದರು. ಪಕ್ಕದ ಮನೆಯವರು ಅದೂ ಕ್ಲೋನ್ ಅಂದರು. ಈಗ ಅವ್ವ ಕೇಳುತ್ತಿದ್ದಾರೆ: ‘ಬಾಳೆಹಣ್ಣಿಗೂ ಅದೇ, ನಾಯಿಗೂ ಅದೇ, ಫೋನಿಗೂ ಅದೇ. ಏನೇ ಇದು? ಆ ಮರಿ ಬಂದ್ರೆ ನನ್ನ ಗುರುತು ಹಿಡಿಯುತ್ತಾ?’ ನನಗೆ ಉತ್ತರ ಹೇಳಲು ಆಗಲಿಲ್ಲ. ನೀವೇ ಹೇಳಿ.

ಉತ್ತರ: ನಾನು ಗಿಡಗಳ ಕ್ಲೋನಿಂಗ್ ನಂಬಿಕೊಂಡೇ 26 ವರ್ಷ ಸಂಸಾರ ಮಾಡಿದವನು. ಹೆಬ್ಬಾಳದಲ್ಲಿ ಓದು, ಆಮೇಲೆ ಊರಾಚೆಯ ಟಿಶ್ಯು ಕಲ್ಚರ್ ಲ್ಯಾಬುಗಳಲ್ಲಿ ಕೆಲಸ. ಅವ್ವ ಕೇಳಿದ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ.

ನಿಮ್ಮ ಗೊಂದಲ ಸಹಜ. ಒಂದೇ ಪದ ಹಲವು ಕಡೆ ಕೆಲಸ ಮಾಡುತ್ತಿದೆ. ಒಂದು ಕಡೆ ಅದು ನಿರಪಾಯ, ಇನ್ನೊಂದು ಕಡೆ ಮೋಸ, ಮತ್ತೊಂದು ಕಡೆ ಬರೀ ದುಬಾರಿ ಆಸೆ. ಕ್ಲೋನ್ ಅನ್ನುವ ಮಾತು ಎಲ್ಲಿ ಕಿವಿಗೆ ಬಿದ್ದರೂ ನಾನು ಮೊದಲು ಕೇಳುವುದು ಒಂದೇ: ಇಲ್ಲಿ ನಕಲಾಗಿರುವುದು ಯಾವುದು, ಆಗದೆ ಉಳಿದಿರುವುದು ಯಾವುದು?

ನಿಮ್ಮ ಬಾಲ್ಕನಿಯಲ್ಲಿ ದೊಡ್ಡಪತ್ರೆ ಕುಂಡ ಇದೆಯಾ? ಬೆಂಗಳೂರಿನಲ್ಲಿ ಅದಿಲ್ಲದ ಮನೆ ಕಡಿಮೆ. ಅದನ್ನು ಯಾರೂ ಬೀಜ ತಂದು ಬೆಳೆಸುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಒಂದು ಕಡ್ಡಿ ಕೇಳಿ ತಂದು ಚುಚ್ಚುತ್ತೇವೆ, ಎರಡು ವಾರದಲ್ಲಿ ಚಿಗುರುತ್ತದೆ. ಅದೇ ಕ್ಲೋನ್. ಪದ ಹುಟ್ಟಿದ್ದೂ ಅಲ್ಲೇ. ಗ್ರೀಕ್ ಭಾಷೆಯಲ್ಲಿ ಕ್ಲೋನ್ ಅಂದರೆ ರೆಂಬೆ, ಕಡ್ಡಿ. ಕಡ್ಡಿಯಿಂದಲೋ ಗೆಡ್ಡೆಯಿಂದಲೋ ಬೆಳೆಸಿದ ಗಿಡಗಳಿಗೆ ಈ ಹೆಸರಿಡೋಣ ಅಂತ 1903ರಲ್ಲಿ ಹರ್ಬರ್ಟ್ ವೆಬರ್ ಅನ್ನುವ ಅಮೆರಿಕದ ಸಸ್ಯತಜ್ಞ ಸೂಚಿಸಿದ. ಮನುಷ್ಯರ ವಿಷಯಕ್ಕೆ ಆ ಪದವನ್ನು ಎಳೆದು ತಂದದ್ದು 1963ರ ಒಂದು ಭಾಷಣದಲ್ಲಿ ಜೆ.ಬಿ.ಎಸ್. ಹಾಲ್ಡೇನ್. ಅಷ್ಟು ಹೊತ್ತಿಗೆ ಅವರು ಬ್ರಿಟನ್ ಬಿಟ್ಟು ಬಂದು ನಮ್ಮ ದೇಶದಲ್ಲೇ ನೆಲೆಸಿದ್ದರು. ಭಯವೆಲ್ಲ ಶುರುವಾಗಿದ್ದು ಆಮೇಲೆ. ಅದಕ್ಕೆ ಮುಂಚೆ 60 ವರ್ಷ ಅದು ತೋಟದವರು, ಜೀವವಿಜ್ಞಾನಿಗಳು ಬಳಸುತ್ತಿದ್ದ ಪದ, ಅಷ್ಟೇ.

ದಾಸವಾಳ, ಮಲ್ಲಿಗೆ, ದೇವನಹಳ್ಳಿ ಕಡೆಯ ಬ್ಲೂ ದ್ರಾಕ್ಷಿ ಎಲ್ಲವೂ ಕಡ್ಡಿಯಿಂದಲೇ ಬರುತ್ತವೆ. ಕಬ್ಬೂ ತುಂಡಿನಿಂದಲೇ. ರಾಮನಗರದ ಬಾದಾಮಿ ಮಾವು ಕಸಿ ಕಟ್ಟಿದ್ದು. ಬಾದಾಮಿಯ ಓಟೆ ಹಾಕಿದರೆ ಬಾದಾಮಿಯೇ ಬರುತ್ತೆ ಅನ್ನುವ ಖಾತ್ರಿ ಇಲ್ಲ. ಕಸಿ ಕಟ್ಟಿದರೆ ಖಾತ್ರಿ.

ಈಗ ಬಾಳೆಗೆ ಬರೋಣ. ಬಾಳೆ ಯಾವತ್ತೂ ಕ್ಲೋನೇ. ನಿಮ್ಮ ಅಜ್ಜಿ ಹಿತ್ತಲಲ್ಲಿ ಕಂದು ಕಿತ್ತು ಬೇರೆ ಕಡೆ ನೆಟ್ಟಿದ್ದೂ ಕ್ಲೋನಿಂಗ್, ಅವ್ವ ಸಣ್ಣವರಿದ್ದಾಗ ತಿಂದ ಏಲಕ್ಕಿ ಬಾಳೆಯೂ ಕ್ಲೋನ್. ‘ಬೀಜ ಇಲ್ಲ ನೋಡಿ, ಏನೋ ಮಾಡಿದ್ದಾರೆ’ ಅನ್ನುವ ಮಾತೂ ಓಡಾಡುತ್ತದೆ. ಕಾಡುಬಾಳೆಯ ಹಣ್ಣು ಬಿಡಿಸಿದರೆ ಕಲ್ಲಿನಂಥ ಬೀಜಗಳು ಸಿಗುತ್ತವೆ. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವಕ್ಕೆ ವರ್ಣತಂತುಗಳು (ಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಗಳು) ಎರಡು ಸೆಟ್ ಬದಲು ಮೂರು ಸೆಟ್ ಇರುತ್ತವೆ, ಹಾಗಾಗಿ ಬೀಜ ಕಟ್ಟುವುದಿಲ್ಲ. ಇದು ಸಾವಿರಾರು ವರ್ಷದ ಹಿಂದೆ ತಾನಾಗಿ ಆಗಿದ್ದು. ಲ್ಯಾಬು ಆಗ ಎಲ್ಲಿತ್ತು?

ಟಿಶ್ಯು ಕಲ್ಚರ್‌ನಲ್ಲಿ ನಾವು ಮಾಡುವುದು ಅದೇ ಕಂದು ನೆಡುವ ಕೆಲಸ, ಬಾಟಲಿಯ ಒಳಗೆ. ಒಳ್ಳೆ ಗೊನೆ ಕೊಟ್ಟ ತಾಯಿಗಿಡದ ಕಂದು ತರುತ್ತೇವೆ. ಮಣ್ಣು ತೊಳೆದು, ಈರುಳ್ಳಿ ಬಿಡಿಸಿದ ಹಾಗೆ ಪದರ ಪದರ ತೆಗೆಯುತ್ತಾ ಹೋದರೆ ಕೊನೆಗೆ ಹೆಬ್ಬೆರಳಿನ ಗಾತ್ರದ ಬಿಳಿ ಮೊಳಕೆ ಉಳಿಯುತ್ತದೆ. ಅದನ್ನು ಔಷಧಿಯಲ್ಲಿ ಅದ್ದಿ, ಜ್ವಾಲೆಗೆ ಹಿಡಿದ ಬ್ಲೇಡಿನಲ್ಲಿ ಸೀಳಿ, ಜಾಮ್ ಬಾಟಲಿಯಂಥ ಬಾಟಲಿಯೊಳಗಿನ ಜೆಲ್ಲಿಯ ಮೇಲೆ ಕೂರಿಸುತ್ತೇವೆ. ಜೆಲ್ಲಿಯಲ್ಲಿ ಇರುವುದು ಸಕ್ಕರೆ, ಲವಣ, ವಿಟಮಿನ್, ಜೊತೆಗೆ ಚಿಗುರೊಡೆಸುವ ಚೂರು ಹಾರ್ಮೋನು. ಮುರಾಶಿಗೆ ಮತ್ತು ಸ್ಕೂಗ್ ಅನ್ನುವ ಇಬ್ಬರು 1962ರಲ್ಲಿ ಬರೆದಿಟ್ಟ ಪಾಕವನ್ನೇ ಇವತ್ತಿಗೂ ಸುಮಾರು ಲ್ಯಾಬುಗಳು ಬಳಸುತ್ತವೆ. ಕೆಲವು ವಾರಕ್ಕೊಮ್ಮೆ ಚಿಗುರು ಬಿಡಿಸಿ ಹೊಸ ಬಾಟಲಿಗೆ ಹಾಕಬೇಕು. ಒಂದು ಎರಡಾಗುತ್ತದೆ, ಎರಡು ಐದಾಗುತ್ತದೆ. ಆಮೇಲೆ ಬೇರು ಬರಿಸಿ, ಶೇಡ್ ನೆಟ್ ಕೆಳಗೆ ಒಂದೆರಡು ತಿಂಗಳು ಗಾಳಿ ಬಿಸಿಲಿಗೆ ಅಭ್ಯಾಸ ಮಾಡಿಸಿ ರೈತರಿಗೆ ಕೊಡುತ್ತೇವೆ. ಇಲ್ಲಿ ಹೊರಗಿನ ಜೀನ್ ಯಾವುದನ್ನೂ ಸೇರಿಸುವುದಿಲ್ಲ. ಬಿಟಿ ಹತ್ತಿಯ ಕಥೆ ಬೇರೆ, ಇದು ಬೇರೆ. ಇದರಿಂದ ಕ್ಯಾನ್ಸರ್ ಬರುವುದಕ್ಕೆ ದಾರಿಯೇ ಇಲ್ಲ.

ಅಂದಹಾಗೆ ಜಿ-9 ಅನ್ನುವ ಬಾಳೆ ತಳಿಯ ಹೆಸರನ್ನು ಕೇಳಿಯೇ ಎಷ್ಟೋ ಜನ ‘ಇದು ಲ್ಯಾಬಿನ ನಂಬರು’ ಅಂದುಕೊಂಡಿದ್ದಾರೆ. ಮೂಲ ಹೆಸರು ಗ್ರ್ಯಾಂಡ್ ನೈನ್. ಆ ನೈನ್ ಒಂಬತ್ತಲ್ಲ, ಫ್ರೆಂಚಿನಲ್ಲಿ ಕುಳ್ಳಿ ಅಂತ ಅರ್ಥ. ‘ದೊಡ್ಡ ಕುಳ್ಳಿ’ ನಮ್ಮ ಬಾಯಲ್ಲಿ ಜಿ-9 ಆಗಿಬಿಟ್ಟಳು.

ಹಾಗಂತ ಟಿಶ್ಯು ಕಲ್ಚರ್‌ನಲ್ಲಿ ತೊಂದರೆಯೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ವರ್ಷ ನಾನಿದ್ದ ಲ್ಯಾಬಿನಲ್ಲಿ ಆರ್ಡರ್ ಜಾಸ್ತಿ ಬಂತು. ಎಂಟು ಸುತ್ತಿಗೆ ನಿಲ್ಲಿಸಬೇಕಾಗಿದ್ದ ಚಿಗುರನ್ನು ಇನ್ನೂ ನಾಲ್ಕು ಸುತ್ತು ಎಳೆದೆವು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ವರ್ಷ ಕಳೆದ ಮೇಲೆ ದೊಡ್ಡಬಳ್ಳಾಪುರದ ಕಡೆಯ ಒಬ್ಬ ರೈತರು ಟಿವಿಎಸ್ ಮೊಪೆಡ್ ಹಿಂದೆ ಒಂದು ಗೊನೆ ಕಟ್ಟಿಕೊಂಡು ಬಂದರು. ಕಾಯಿಗಳು ಬೆರಳು ಮಡಿಸಿದ ಹಾಗೆ ಮುದುಡಿದ್ದವು. ಅದನ್ನು ನನ್ನ ಮೇಜಿನ ಮೇಲಿಟ್ಟು ‘ನಿಮ್ಮ ಜೆರಾಕ್ಸ್ ಮಿಷನ್ ಕೆಟ್ಟಿದೆ ಸಾರ್’ ಅಂದರು. ಬೈಯಲಿಲ್ಲ, ಅಷ್ಟೇ ಹೇಳಿ ಕೂತರು. ಅವರ ತೋಟದಲ್ಲಿ ಅಂಥ ಗಿಡಗಳು ಹತ್ತಾರು ಇದ್ದವು. ನಕಲು ಮೇಲೆ ನಕಲು ತೆಗೆಯುತ್ತಾ ಹೋದರೆ ತಪ್ಪು ನುಸುಳುತ್ತದೆ. ತಿನ್ನುವವರಿಗೆ ಅದರಿಂದ ಅಪಾಯ ಇಲ್ಲ. ಪೆಟ್ಟು ಬೀಳುವುದು ಬೆಳೆದವರ ಜೇಬಿಗೆ.

ಇನ್ನೊಂದು ಅಪಾಯ ದೊಡ್ಡದು. ಎಲ್ಲವೂ ಒಂದೇ ಅಚ್ಚಿನವಾದರೆ ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ. ಹಿಂದೆ ಪ್ರಪಂಚಕ್ಕೆಲ್ಲ ರಫ್ತಾಗುತ್ತಿದ್ದ ಗ್ರೋ ಮಿಷೆಲ್ ಅನ್ನುವ ಬಾಳೆಯನ್ನು 1950ರ ದಶಕದ ಹೊತ್ತಿಗೆ ಪನಾಮಾ ರೋಗ ನೆಲಕ್ಕೆ ಕೆಡವಿತು. ಅದರ ಜಾಗಕ್ಕೆ ಬಂದದ್ದೇ ಜಿ-9 ಸೇರಿರುವ ಕ್ಯಾವೆಂಡಿಶ್ ಗುಂಪು. ಈಗ ಆ ರೋಗದ ಹೊಸ ತಳಿ ಇದನ್ನೂ ಹಿಡಿಯುತ್ತಿದೆ, ನಮ್ಮ ದೇಶದಲ್ಲಿ ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲಿ ಕಾಣಿಸಿಕೊಂಡಿದೆ. ನಂಜನಗೂಡು ರಸಬಾಳೆ ಹತ್ತಿರ ಹತ್ತಿರ ಕಣ್ಮರೆಯಾಗಿದ್ದಕ್ಕೂ ಈ ಸೊರಗು ರೋಗವೇ ಮುಖ್ಯ ಕಾರಣ. ಅದರ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ. ‘ಟಿಶ್ಯು ಕಲ್ಚರ್ ಗಿಡಕ್ಕೆ ರೋಗ ಬರಲ್ಲ’ ಅಂತ ಮಾವನಿಗೆ ಯಾರಾದರೂ ಹೇಳಿದ್ದರೆ ಅದು ಅರ್ಧ ಸತ್ಯ. ಗಿಡ ಶುದ್ಧವಾಗಿ ಬರುತ್ತದೆ, ಆದರೆ ರೋಗ ಇರುವ ಮಣ್ಣಿಗೆ ಇಳಿದರೆ ಅದಕ್ಕೆ ಬೇರೆ ಕವಚ ಇಲ್ಲ. ತಾಯಿಗಿಡದಲ್ಲಿ ವೈರಸ್ ಇದ್ದರೆ ಬಾಟಲಿಗೂ ಬರುತ್ತದೆ. ಮುಂದಿನ ಸಲ ಸಸಿ ತರುವಾಗ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣಪತ್ರ ಇರುವ ಲ್ಯಾಬಾ ಅಂತ ಕೇಳಲಿ. ಆ ವ್ಯವಸ್ಥೆ 2006ರಿಂದ ಇದೆ.

ಅವ್ವನಿಗೆ ಬಾಳೆಹಣ್ಣಿನ ಬಗ್ಗೆ ಭಯ ಬೇಕೇ ಬೇಕು ಅನ್ನುವುದಾದರೆ ಕಾರ್ಬೈಡ್ ಹಾಕಿ ಹಣ್ಣು ಮಾಡುವವರ ಬಗ್ಗೆ ಇಟ್ಟುಕೊಳ್ಳಲಿ. ಅದಕ್ಕೆ ನಿಷೇಧವೂ ಇದೆ. ತಮ್ಮನ ತೋಟದ ಹಣ್ಣಿಗೆ ಆ ಚಿಂತೆಯೂ ಇರಲಾರದು. ಉಳಿಯುವುದು ಸಕ್ಕರೆ. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಇನ್ಸುಲಿನ್ ಅಂದಿರಲ್ಲ. ಅದೂ ಕ್ಲೋನಿಂಗ್‌ನಿಂದಲೇ ಬಂದದ್ದು! ಇದನ್ನು ಅವ್ವನಿಗೆ ಸ್ವಲ್ಪ ಜೋಪಾನವಾಗಿ ಹೇಳಿ, ಅದನ್ನೂ ಬಿಟ್ಟುಬಿಟ್ಟಾರು. ಹಿಂದೆ ಹಂದಿ, ದನಗಳ ಮೇದೋಜೀರಕದಿಂದ ಇನ್ಸುಲಿನ್ ತೆಗೆಯುತ್ತಿದ್ದರು. 1973ರಲ್ಲಿ ಒಂದು ಜೀವಿಯ ಜೀನನ್ನು ಕತ್ತರಿಸಿ ಬ್ಯಾಕ್ಟೀರಿಯಾ ಒಳಗೆ ಕೂರಿಸುವ ವಿದ್ಯೆ ಕೈಗೆ ಬಂತು. ಬ್ಯಾಕ್ಟೀರಿಯಾ ಹೆಚ್ಚಿದ ಹಾಗೆಲ್ಲ ಆ ಜೀನೂ ಹೆಚ್ಚುತ್ತದೆ. ಮನುಷ್ಯರ ಇನ್ಸುಲಿನ್ ಜೀನನ್ನು ಹೀಗೆ ಬೆಳೆಸಿ ಮಾಡಿದ ಔಷಧಿಗೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಒಂದು ಬಗೆಯ ಯೀಸ್ಟ್‌ನಿಂದ ಇದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಇಲ್ಲಿ ನಕಲಾಗಿರುವುದು ಇಡೀ ಜೀವಿಯಲ್ಲ, ಒಂದೇ ಒಂದು ಜೀನ್. ಲ್ಯಾಬಿನವರ ಬಾಯಲ್ಲಿ ‘ಕ್ಲೋನಿಂಗ್ ಮಾಡ್ತಾ ಇದ್ದೀನಿ’ ಅಂದರೆ ಹತ್ತಕ್ಕೆ ಒಂಬತ್ತು ಸಲ ಇದೇ ಅರ್ಥ.

ಈಗ ಕರಿಯ.

ನಾಯಿ, ಕುರಿ, ಎಮ್ಮೆಗಳ ಕಡ್ಡಿ ಚುಚ್ಚಲು ಆಗುವುದಿಲ್ಲ ಅಲ್ವಾ. ಅಲ್ಲಿ ದಾರಿ ಸುತ್ತು. ಕರಿಯನ ಚರ್ಮದಿಂದ ಒಂದು ಚೂರು ತೆಗೆದು ಜೀವಕೋಶ ಬೆಳೆಸುತ್ತಾರೆ. ಬೇರೊಂದು ಹೆಣ್ಣುನಾಯಿಯ ಅಂಡಾಣು ತೆಗೆದು, ಅದರ ನಡುವಿನ ಡಿಎನ್‌ಎ ತಿರುಳನ್ನು ಹೀರಿ ಎಸೆದು, ಅಲ್ಲಿ ಕರಿಯನ ಕೋಶವನ್ನು ಕೂರಿಸುತ್ತಾರೆ. ಸಣ್ಣ ಕರೆಂಟ್ ಕೊಟ್ಟು ಬೆಸೆದ ಮೇಲೆ ಅದು ಭ್ರೂಣದ ಹಾಗೆ ಒಡೆಯಲು ಶುರುಮಾಡಿದರೆ ಇನ್ನೊಂದು ನಾಯಿಯ ಗರ್ಭಕ್ಕೆ ಹಾಕುತ್ತಾರೆ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಕುರಿಯನ್ನು ಮಾಡಿದ್ದು ಹೀಗೇ. 277 ಅಂಡಾಣುಗಳಿಂದ ಬದುಕಿ ಬಂದದ್ದು ಅದೊಂದು ಮರಿ.

ನಾಯಿ ಇನ್ನೂ ಕಷ್ಟ. ಬೆದೆಗೆ ಬರುವುದೇ ವರ್ಷಕ್ಕೆ ಒಂದೆರಡು ಸಲ. ಅಂಡಾಣು ಹೊರಬರುವಾಗ ಇನ್ನೂ ಎಳೆಯದಾಗಿರುತ್ತದೆ, ನಾಳದೊಳಗೆ ಬಲಿಯುತ್ತದೆ. ಅದನ್ನು ತೆಗೆಯಲು ಹೊಟ್ಟೆ ಕೊಯ್ಯಬೇಕು. ಮೊದಲ ಕ್ಲೋನ್ ನಾಯಿ ಸ್ನಪ್ಪಿ 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿತು. ಅದಕ್ಕಾಗಿ 123 ನಾಯಿಗಳ ಗರ್ಭಕ್ಕೆ 1,095 ಭ್ರೂಣ ಹಾಕಿದ್ದರು. ಗರ್ಭ ನಿಂತದ್ದು ಮೂರಕ್ಕೆ, ಹುಟ್ಟಿದ್ದು ಎರಡು ಮರಿ, ಉಳಿದದ್ದು ಒಂದು. ಈಗ ಕೈ ಪಳಗಿದೆ, ಅಷ್ಟು ಬೇಕಾಗುವುದಿಲ್ಲ. ಆದರೂ ಒಂದು ಮರಿಗಾಗಿ ಹಲವು ನಾಯಿಗಳು ಆಪರೇಷನ್ ಟೇಬಲ್ ಹತ್ತಬೇಕು. ಕಂಪನಿಯವರು ಕಳಿಸುವ ಫೋಟೊದಲ್ಲಿ ಅವು ಇರುವುದಿಲ್ಲ. ಬೀದಿಯಿಂದ ಮರಿ ಎತ್ತಿಕೊಂಡು ಬಂದ ಮನೆ ನಿಮ್ಮದು, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಅಮೆರಿಕದಲ್ಲಿ ನಾಯಿ ಕ್ಲೋನ್ ಮಾಡಿಸಲು ಸುಮಾರು 50,000 ಡಾಲರ್, ನಮ್ಮ ಲೆಕ್ಕದಲ್ಲಿ 40 ಲಕ್ಷದ ಮೇಲೆ. ಮರಿಯನ್ನು ಇಲ್ಲಿಗೆ ತರಲು ಪ್ರಾಣಿ ಕ್ವಾರಂಟೈನ್ ಇಲಾಖೆಯ ಒಪ್ಪಿಗೆ, ಕಾಗದಪತ್ರದ ಓಡಾಟ ಬೇರೆ.

ಇಷ್ಟೆಲ್ಲ ಮಾಡಿದರೆ ಬರುವುದು ಏನು? ಡಿಎನ್‌ಎ ಕರಿಯನದೇ. ಮೈಕಟ್ಟು, ಕೂದಲು, ಬಾಲದ ಸುರುಳಿ ಹೆಚ್ಚುಕಡಿಮೆ ಅದೇ ಬರುತ್ತದೆ. ಆದರೆ ಹಣೆಯ ನಾಮ? ಅದರ ಗ್ಯಾರಂಟಿ ಇಲ್ಲ. ಬಣ್ಣದ ಕೋಶಗಳು ಭ್ರೂಣದ ಬೆನ್ನಿನ ಕಡೆ ಹುಟ್ಟಿ, ಅಲ್ಲಿಂದ ಹಣೆ, ಎದೆ, ಪಾದದ ಕಡೆ ನಡೆದುಕೊಂಡು ಹೋಗುತ್ತವೆ. ಅವು ತಲುಪದೆ ಬಿಟ್ಟ ಜಾಗ ಬಿಳಿಯಾಗಿ ಉಳಿಯುತ್ತದೆ. ಎಷ್ಟು ದೂರ ನಡೆದವು ಅನ್ನುವುದರಲ್ಲಿ ಅದೃಷ್ಟದ ಪಾಲೂ ಇದೆ. ಹೊಸ ಮರಿಯ ನಾಮ ವಾಲಿರಬಹುದು, ಚುಕ್ಕೆಯಷ್ಟೇ ಇರಬಹುದು, ಇಲ್ಲದೆಯೂ ಇರಬಹುದು. 2001ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕಿನ ಮೂಲ ಬೆಕ್ಕು ಮೂರು ಬಣ್ಣದ್ದು. ಮರಿಯಲ್ಲಿ ಕಿತ್ತಳೆ ಬಣ್ಣ ಬರಲೇ ಇಲ್ಲ. ನೋಡಿದವರಿಗೆ ಎರಡೂ ಒಂದೇ ಅನ್ನಿಸುವ ಹಾಗೇ ಇರಲಿಲ್ಲ.

‘ಕ್ಲೋನ್ ಪ್ರಾಣಿ ಬೇಗ ಮುದಿಯಾಗಿ ಸಾಯುತ್ತೆ’ ಅನ್ನುವುದನ್ನೂ ನೀವು ಕೇಳಿರಬಹುದು. ಡಾಲಿ ಆರೂವರೆ ವರ್ಷಕ್ಕೇ ಹೋದದ್ದರಿಂದ ಹುಟ್ಟಿದ ಮಾತು. ಅದರ ಶ್ವಾಸಕೋಶದಲ್ಲಿ ಗಡ್ಡೆ ಆಗಿದ್ದು ಕುರಿಗಳಲ್ಲಿ ಹರಡುವ ಒಂದು ವೈರಸ್‌ನಿಂದ. ಡಾಲಿಯನ್ನು ಮಾಡಲು ಬಳಸಿದ ಅದೇ ಕೋಶಗಳಿಂದ ಆಮೇಲೆ ಹುಟ್ಟಿದ ನಾಲ್ಕು ಕುರಿಗಳು ಏಳೆಂಟು ವರ್ಷ ದಾಟಿಯೂ ಚೆನ್ನಾಗಿದ್ದವು ಅಂತ 2016ರಲ್ಲಿ ವರದಿಯಾಯಿತು. ಹುಟ್ಟುವ ಮುಂಚೆ, ಹುಟ್ಟಿದ ಕೆಲವು ದಿನ ಅಪಾಯ ಜಾಸ್ತಿ. ಅದು ದಾಟಿದರೆ ಸಾಮಾನ್ಯ ಪ್ರಾಣಿಯ ಹಾಗೇ. ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 2009ರಲ್ಲಿ ಎಮ್ಮೆ ಕರುವನ್ನು, 2023ರಲ್ಲಿ ಗಿರ್ ತಳಿಯ ಗಂಗಾ ಅನ್ನುವ ಕರುವನ್ನು ಕ್ಲೋನ್ ಮಾಡಿತು. ಅಲ್ಲಿ ಬೇಕಾಗಿದ್ದು ಒಳ್ಳೆ ತಳಿ, ಅದು ಡಿಎನ್‌ಎಯಲ್ಲೇ ಇದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ.

ನಿಮಗೆ ಬೇಕಾಗಿರುವುದು ತಳಿಯಲ್ಲ. ಇನ್ಸುಲಿನ್ ಹೊತ್ತಿಗೆ ಬಂದು ಕೂರುವ ಕರಿಯ. ಅದು ಡಿಎನ್‌ಎಯಲ್ಲಿ ಬರೆದಿರುವುದಲ್ಲ, 13 ವರ್ಷದಲ್ಲಿ ಅವ್ವನಿಂದ ಕಲಿತಿದ್ದು. ನಾಯಿಮರಿಗಳ ಸ್ವಭಾವ ಬಹಳಷ್ಟು ತಿದ್ದಿಕೊಳ್ಳುವುದು ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದ ಒಳಗೆ. ಕರಿಯನ ಆ ವಾರಗಳು ಕಳೆದದ್ದು ವಿಜಯನಗರದ ಬೀದಿಯಲ್ಲಿ, ಮಳೆಯಲ್ಲಿ, ನಿಮ್ಮ ಗೇಟಿನ ಮುಂದೆ. ಹೊಸ ಮರಿಗೆ ಅವು ಕಳೆಯುವುದು ಇನ್ನೊಂದು ದೇಶದ ಕೆನಲ್‌ನಲ್ಲಿ. ಅವ್ವನ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಗುರುತು ಹಿಡಿಯುವುದಿಲ್ಲ. ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ, ಯಾವ ಮರಿಯಾದರೂ ಮಾಡಿಕೊಳ್ಳುವ ಹಾಗೆ. ಅದು ಕರಿಯನ ಪುನರ್ಜನ್ಮ ಅಲ್ಲ. ತಡವಾಗಿ ಹುಟ್ಟಿದ ಅವಳಿ ತಮ್ಮ ಅಂದುಕೊಳ್ಳಿ. ಮನುಷ್ಯರಲ್ಲಿ ತದ್ರೂಪಿ ಅವಳಿಗಳೂ ಪ್ರಕೃತಿ ಮಾಡಿದ ಕ್ಲೋನುಗಳೇ. ಅವರ ಬೆರಳಚ್ಚು ಕೂಡ ಒಂದೇ ಇರುವುದಿಲ್ಲ, ಒಬ್ಬರು ಓದಿದ್ದು ಇನ್ನೊಬ್ಬರ ತಲೆಗೆ ಹೋಗುವುದಿಲ್ಲ. (ಮನುಷ್ಯರನ್ನು ಕ್ಲೋನ್ ಮಾಡಿದ್ದೇವೆ ಅಂತ 2002ರಲ್ಲಿ ಒಂದು ಪಂಗಡ ಸಾರಿಕೊಂಡಿತ್ತು, ಪುರಾವೆ ಕೊಡಲೇ ಇಲ್ಲ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮಗಳು ಅದನ್ನು ನಿಷೇಧಿಸಿವೆ.)

ಅವ್ವನಿಗೆ ಇದನ್ನು ವಿಜ್ಞಾನದಲ್ಲಿ ಹೇಳುವುದಕ್ಕಿಂತ ಕಥೆಯಲ್ಲಿ ಹೇಳಿ. ಸೂರ್ಯನ ತಾಪ ತಡೆಯಲಾರದೆ ಸಂಜ್ಞಾದೇವಿ ತನ್ನದೇ ರೂಪದ ಛಾಯೆಯನ್ನು ಮನೆಯಲ್ಲಿ ಬಿಟ್ಟು ಹೋದಳಲ್ಲ. ರೂಪ ಅದೇ, ದನಿ ಅದೇ. ಗಂಡನಿಗೇ ಗೊತ್ತಾಗಲಿಲ್ಲ. ಛಾಯೆ ತನ್ನ ಮಕ್ಕಳನ್ನು ಎತ್ತಿ ಆಡಿಸಿ, ಸಂಜ್ಞೆಯ ಮಕ್ಕಳನ್ನು ದೂರ ಇಟ್ಟಳು. ಯಮನಿಗೆ ಶಾಪ ಕೊಟ್ಟಳು. ಹೆತ್ತ ತಾಯಿ ಹೀಗೆ ಮಾಡುವಳಾ ಅಂತ ಆಗ ಗುಟ್ಟು ಬಯಲಾಯಿತು. ಪುರಾಣದಲ್ಲಿ ಕ್ಲೋನ್ ಹುಡುಕುವವರು ಸಾಮಾನ್ಯವಾಗಿ ಗಾಂಧಾರಿಯ ನೂರೊಂದು ಕುಡಿಕೆಗಳನ್ನು ತೋರಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ನೂರೊಂದರಲ್ಲಿ ದುಶ್ಶಲೆ ಅನ್ನುವ ಹೆಣ್ಣುಮಗು ಇತ್ತಲ್ಲ, ಕ್ಲೋನ್ ಆಗಿದ್ದರೆ ಗಂಡುಮಕ್ಕಳ ಮಧ್ಯೆ ಅವಳು ಎಲ್ಲಿಂದ ಬಂದಳು? ರಕ್ತಬೀಜಾಸುರ ಸ್ವಲ್ಪ ಹತ್ತಿರ. ಆದರೆ ಅವನ ಒಂದೊಂದು ಹನಿಯಿಂದಲೂ ಬೆಳೆದು ನಿಂತ, ಆಯುಧ ಹಿಡಿದ ಅಸುರ ಬರುತ್ತಿದ್ದ. ನಿಜವಾದ ಕ್ಲೋನ್ ಆಗಿದ್ದರೆ ರಣರಂಗದ ತುಂಬ ಹಸುಗೂಸುಗಳು ಅಳುತ್ತಿದ್ದವು.

ಛಾಯೆಯ ಗುಟ್ಟು ಬಯಲಾದ ಹಾಗೇ ನಿಮ್ಮ ಅವ್ವ ಫೋನಿನವನನ್ನು ಹಿಡಿದರು. ಕಂಪ್ಯೂಟರ್ ಓದಿದವರೇ ಬೀಳುವ ಕಡೆ 71ರ ಅವರು ಬೀಳಲಿಲ್ಲ. ದನಿ ಕ್ಲೋನ್ ಮಾಡಲು ಈಗ ಬಹಳ ಬೇಕಾಗಿಲ್ಲ. ಮೂರು ಸೆಕೆಂಡಿನ ಮಾದರಿ ಸಾಕು ಅನ್ನುವ ಪ್ರೋಗ್ರಾಮನ್ನು 2023ರಲ್ಲೇ ಮೈಕ್ರೋಸಾಫ್ಟ್ ಸಂಶೋಧಕರು ತೋರಿಸಿದ್ದರು. ರೀಲ್ಸ್, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜು ಎಲ್ಲ ಅದಕ್ಕೆ ಮೇವು. ಅಲ್ಲಿ ನಕಲಾಗುವುದು ಗಂಟಲು ಮಾತ್ರ. ಯಾರನ್ನು ಏನಂತ ಕರೆಯಬೇಕು ಅನ್ನುವುದು ನಕಲಾಗುವುದಿಲ್ಲ. ಅಂಥ ಕರೆಯಲ್ಲಿ ಪ್ರತಿ ಸಲವೂ ಕಂಪ್ಯೂಟರ್ ದನಿಯೇ ಇರುತ್ತದೆ ಅಂತಲೂ ಅಲ್ಲ. ಅಳುವ ದನಿ, ಗೊರಗೊರ ಲೈನು, ಆಕ್ಸಿಡೆಂಟ್ ಅನ್ನುವ ಮಾತು, ಇಷ್ಟಾದರೆ ಯಾವ ತಾಯಿಗೂ ಮಗನ ದನಿಯೇ ಕೇಳಿಸುತ್ತದೆ.

ಮನೆಯವರಿಗೆಲ್ಲ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ. ಕರಿಯನ ಹೆಸರು ಬೇಡ, ಅದು ನಿಮ್ಮ ತಮ್ಮನ ಇನ್‌ಸ್ಟಾಗ್ರಾಮ್‌ನಲ್ಲಿ ಆಗಲೇ ಇರುತ್ತದೆ. ಅನುಮಾನ ಬಂದರೆ ಫೋನ್ ಇಟ್ಟು, ನಿಮ್ಮಲ್ಲಿರುವ ಅವನ ಹಳೇ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅರ್ಧ ಗಂಟೆ ತಡವಾದರೂ ದುಡ್ಡು ನಾಲ್ಕು ಅಕೌಂಟು ದಾಟಿರಬಹುದು.

ಸಿಮ್ ಕ್ಲೋನ್, ಕಾರ್ಡ್ ಕ್ಲೋನ್ ಅಂತೆಲ್ಲ ಪೇಪರಿನಲ್ಲಿ ಬರುವುದನ್ನೂ ಅವ್ವ ಕೇಳಬಹುದು. ಈಗಿನ ಸಿಮ್ ನಕಲು ಮಾಡುವುದು ಕಷ್ಟ. ಹೆಚ್ಚಾಗಿ ಆಗುವುದು ನಿಮ್ಮ ಹೆಸರಿನಲ್ಲಿ ಡೂಪ್ಲಿಕೇಟ್ ಸಿಮ್ ತೆಗೆಯುವ ಮೋಸ. ಕಾರಣವಿಲ್ಲದೆ ಗಂಟೆಗಟ್ಟಲೆ ನೆಟ್‌ವರ್ಕ್ ಹೋದರೆ ಸುಮ್ನೆ ಕೂರಬೇಡಿ. ಕಾರ್ಡಿನ ಕಪ್ಪು ಪಟ್ಟಿಯನ್ನು ನಕಲು ಮಾಡುವುದು ಸುಲಭ, ಚಿಪ್ ಅಷ್ಟು ಸುಲಭ ಅಲ್ಲ. ಅದಕ್ಕೇ ರಿಸರ್ವ್ ಬ್ಯಾಂಕ್ 2018ರ ಕೊನೆಯೊಳಗೆ ಎಲ್ಲರಿಗೂ ಚಿಪ್ ಕಾರ್ಡ್ ಕೊಡಲು ಹೇಳಿತು. ಬೇರೆಯವರ ಗಾಡಿ ನಂಬರು ಹಾಕಿಕೊಂಡು ಸಿಗ್ನಲ್ ಹಾರುವವರೂ ಊರಲ್ಲಿದ್ದಾರೆ, ದಂಡ ನಿಮ್ಮ ಮನೆಗೆ ಬರುತ್ತದೆ. ಇನ್ನು ಮೆಟ್ರೊದಲ್ಲಿ ಪಕ್ಕದ ಹುಡುಗ ‘ರೆಪೊ ಕ್ಲೋನ್ ಮಾಡ್ಕೊ’ ಅಂದರೆ ಗಾಬರಿ ಬೇಡ, ಸಾಫ್ಟ್‌ವೇರ್‌ನ ಕಡತಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಅಷ್ಟೇ. ಕ್ಲೋನ್ ಅನ್ನುವ ಪದ ನಿಜಕ್ಕೂ ಪಕ್ಕಾ ಹೊಂದುವುದು ಅಲ್ಲೊಂದೇ. ಅಕ್ಷರವೂ ಹೆಚ್ಚುಕಡಿಮೆ ಆಗುವುದಿಲ್ಲ.

ಕೊನೆಗೆ ಕರಿಯನ ವಿಷಯದಲ್ಲಿ ನಿಮ್ಮ ಮುಂದಿರುವ ದಾರಿಗಳು. ತಮ್ಮನಿಗೆ ಮನಸ್ಸು ತಡೆಯದಿದ್ದರೆ ಈಗ ಕೋಶ ಮಾತ್ರ ತೆಗೆಸಿ ಶೈತ್ಯದಲ್ಲಿ ಇಡಿಸಬಹುದು, ಕ್ಲೋನ್ ತೀರ್ಮಾನ ಆಮೇಲೆ. ಅದಕ್ಕೆ ಒಂದೂವರೆ ಸಾವಿರ ಡಾಲರ್ ಆಸುಪಾಸು, ವರ್ಷ ವರ್ಷ ಬಾಡಿಗೆ ಬೇರೆ. ಇಲ್ಲಿಂದ ಕಳಿಸುವ ದಾರಿಯಲ್ಲಿ ತಡವಾಗಿ ಕೋಶ ಸತ್ತರೆ ಅಷ್ಟೂ ನೀರಿಗೆ. ಕಿಡ್ನಿ ಕೆಟ್ಟಿರುವ 13 ವರ್ಷದ ನಾಯಿಗೆ ಅರಿವಳಿಕೆ ಕೊಡುವುದೇ ಅಪಾಯ. ಚರ್ಮದ ಚೂರು ತೆಗೆಯುವ ಮುಂಚೆ ನಿಮ್ಮ ಡಾಕ್ಟರನ್ನೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರನ್ನೋ ಕೇಳಿ. ಸತ್ತ ಮೇಲೂ ಕೆಲವು ದಿನ ಕೋಶ ತೆಗೆಯಬಹುದು, ದೇಹ ಫ್ರಿಜ್‌ನಲ್ಲಿರಬೇಕು. ಫ್ರೀಜರ್‌ಗೆ ಹಾಕಿದರೆ ಕೋಶ ಒಡೆದು ಹಾಳಾಗುತ್ತವೆ. ಇದನ್ನು ಬರೆಯಲು ನನಗೇ ಕಸಿವಿಸಿ, ಆದರೆ ಇಂಥದ್ದನ್ನು ಜನ ಕೇಳುವುದು ಯಾವಾಗಲೂ ತಡವಾದ ಮೇಲೆ.

ನನ್ನನ್ನು ಕೇಳಿದರೆ ಇದು ಯಾವುದನ್ನೂ ಮಾಡಿಸಬೇಡಿ ಅನ್ನುತ್ತೇನೆ. ಆ ದುಡ್ಡಿನಲ್ಲಿ ಒಂದು ಚೂರು ಕರಿಯನ ಔಷಧಿಗೆ, ಡ್ರಿಪ್ಸ್‌ಗೆ, ಡಾಕ್ಟರು ಹೇಳುವ ಪಥ್ಯದ ಊಟಕ್ಕೆ ಹಾಕಿ. ತಮ್ಮ ಒಂದು ಟಿಕೆಟ್ ತೆಗೆದುಕೊಂಡು ಈ ತಿಂಗಳಲ್ಲೇ ಬರಲಿ. ಕರಿಯ ಅವನನ್ನು ಮರೆತಿರುವುದಿಲ್ಲ. ಹೊರಡುವ ಮುಂಚೆ ಮನೆಗೆ ಫೋನ್ ಮಾಡುತ್ತಾನಲ್ಲ, ಆಗ ‘ಅವ್ವಾ’ ಅಂತಲೇ ಶುರುಮಾಡಲು ಹೇಳಿ. ಇಲ್ಲದಿದ್ದರೆ ಇವರು ಮತ್ತೆ ಇಟ್ಟುಬಿಡುತ್ತಾರೆ.